ಹಾಲಿಂದು ಹಾಲಿಗೆ, ಹೊಳೇದು ಹೊಳೆಗೆ

ಹತ್ತಿರ ಬನ್ನಿ, ಕೂತ್ಕೊಳ್ಳಿ. ನಗು ಬಂದ್ರೆ ನಗಿ, ನಾನೇನೂ ಅನ್ನಲ್ಲ. ಚೆನ್ನಾಜಮ್ಮನ ಎದುರಿಗೆ ಮಾತ್ರ ನಗಬೇಡಿ. ಆಕೆ ಪಟ್ಟ ಭಯ ಆಕೆಗೇ ಗೊತ್ತು.

ಕಪಿಲೆ ದಂಡೇಲಿ ಹೊಳೆಹುಂಡಿ ಅಂತ ಒಂದೂರು. ಅರ್ಧ ಊರು ದಿಣ್ಣೆ ಮೇಲೆ, ಇನ್ನರ್ಧ ನೀರಿನ ಮಗ್ಗುಲಲ್ಲಿ. ಆ ಕೆಳಗಿನರ್ಧಕ್ಕೆ ಕೆಳಕೇರಿ ಅಂತಾರೆ. ಅಲ್ಲಿ ಚೆನ್ನಾಜಮ್ಮ ಅಂತ ಒಬ್ಬಳು, ಅವಳಿಗೆ ಕೆಂಡಗಣ್ಣ ಅಂತ ಒಬ್ಬನೇ ಮಗ. ಹೆಸರಲ್ಲಿ ಕೆಂಡ, ತಲೇಲಿ ಬೂದಿ ಅಂತ ಊರವರು ಆಡಿಕೊಳ್ಳೋರು. ಮೀಸೆ ಬಂದ ಗಂಡು, ಒಳ್ಳೇ ಮನಸ್ಸು, ಮೈಬಗ್ಗಿಸಿ ದುಡಿಯೋನು. ಆದ್ರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದು ಎಳ್ಳಿನಷ್ಟು ಹೆಚ್ಚಿಲ್ಲ, ಒಂದು ಎಳ್ಳಿನಷ್ಟು ಕಮ್ಮಿ ಇಲ್ಲ. ಅದೇ ಅವನ ಗುಣ, ಅದೇ ಅವನ ರೋಗ.

ಚೆನ್ನಾಜಮ್ಮಂಗೆ ಊರಿನ ಹಾಲಿನ ಡೇರೀಲಿ ಕೆಲಸ. ಡೇರಿ ಇರೋದೂ ಕೆಳಕೇರೀಲೇ. ಅಲ್ಲೊಂದು ಕಂಪ್ಯೂಟರು, ಊರಿಗೆಲ್ಲ ಅದೊಂದೇ. ಅದರೊಳಗೆ ಎರಡು ಪ್ರೋಗ್ರಾಮು. ಒಂದು ಹಾಲಿನದು, ಯಾರ ಹಾಲಲ್ಲಿ ಎಷ್ಟು ಕೊಬ್ಬು ಎಷ್ಟು ನೀರು ಅಂತ ಹೇಳೋದು. ಇನ್ನೊಂದು ಹೊಳೇದು. ಸೇತುವೆ ಕಂಬಕ್ಕೆ ಕಟ್ಟಿದ ಅಳತೆ ಯಂತ್ರ ನೋಡಿ, ನೀರು ಕೆಂಪು ಗೆರೆ ದಾಟಿದ್ರೆ ಡೇರಿ ಸೂರಿನ ಮೇಲಿನ ಸೈರನ್ ಕೂಗಿಸೋದು. ಸೈರನ್ ಇಲ್ಲದ ಕಾಲದಲ್ಲಿ ಚೆನ್ನಾಜಮ್ಮನ ಗಂಡನ್ನ ಇದೇ ಹೊಳೆ ನುಂಗಿತ್ತು. ಅದಕ್ಕೇ ಆ ಪ್ರೋಗ್ರಾಮು ಅಂದ್ರೆ ಆಕೆಗೆ ದೇವರ ದೀಪ ಇದ್ದ ಹಾಗೆ, ಆರಬಾರದು.

ಎರಡನ್ನೂ ಬರೆದುಕೊಟ್ಟೋರು ತಾಲೂಕಿನ ಲಲಿತಾಂಬ ಮೇಡಂ. ಬರೆದದ್ದು ಪೈಥಾನ್ ಅನ್ನೋ ಭಾಷೇಲಿ. ಬರೆದದ್ದನ್ನ ತೋರಿಸೋ ಕಿಟಕಿಗೆ ಎಡಿಟರ್ ಅಂತಾರೆ. ಬರೆದದ್ದನ್ನ ಓದಿ ಕೆಲಸ ಮಾಡಿಸೋನಿಗೆ ಇಂಟರ್‌ಪ್ರಿಟರ್ ಅಂತಾರೆ. ಒಂದೊಂದು ಪ್ರೋಗ್ರಾಮಿಗೂ ಅದರದೇ ಇಂಟರ್‌ಪ್ರಿಟರು, ಅದರದೇ ಸಾಮಾನು, ಎಲ್ಲಾ ಬೇರೆ ಬೇರೆ ಇಟ್ಟಿರ್ತಾರೆ. ಅದಕ್ಕೆ ಎನ್ವಿರಾನ್‌ಮೆಂಟ್ ಅಂತ ಉದ್ದನೇ ಹೆಸರು. ಚೆನ್ನಾಜಮ್ಮ ಅದನ್ನ ಒಲೆ ಅಂತಿದ್ಲು. ವಾರಗಿತ್ತಿಯರು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಹಾಗೆ. ಇವಳ ಉಪ್ಪು ಅವಳು ಮುಟ್ಟೋ ಹಾಗಿಲ್ಲ, ಅವಳ ಬೇಳೆ ಇವಳು ಮುಟ್ಟೋ ಹಾಗಿಲ್ಲ. ಎಡಿಟರಿನ ಕೆಳಗಿನ ಬಲಮೂಲೇಲಿ 'ಹಾಲು' ಅಂತಿದ್ರೆ ಹಾಲಿನ ಒಲೆ ಮುಂದೆ ಕೂತಿದ್ದೀವಿ ಅಂತ, 'ಹೊಳೆ' ಅಂತಿದ್ರೆ ಹೊಳೆ ಒಲೆ ಮುಂದೆ.

ಚೆನ್ನಾಜಮ್ಮ ಇದನ್ನೆಲ್ಲ ಚೆನ್ನಾಗಿ ಕಲಿತಿದ್ಲು. ಆದ್ರೆ ಹಾಲು ಕರೆದೂ ಕರೆದೂ ಬೆರಳ ಗಿಣ್ಣು ಊದಿಕೊಂಡು, ಕೀಲಿ ಒತ್ತೋಕೆ ಆಗ್ತಿರಲಿಲ್ಲ. ಅದಕ್ಕೆ ಮಗನ್ನ ಪಕ್ಕದಲ್ಲಿ ಕೂರಿಸಿಕೊಂಡ್ಲು. ಬಾಯಿ ಇವಳದು, ಬೆರಳು ಅವನದು. ಅಲ್ಲಿಂದ ಶುರುವಾಯ್ತು ನೋಡಿ.

ಚಳಿಗಾಲ, ಹೊಳೆ ತಣ್ಣಗೆ ಮಲಗಿತ್ತು. ಹಾಲಿನ ಪ್ರೋಗ್ರಾಮಿಗೆ ಹೊಸ ಸಾಮಾನು ಬಂದಿದೆ, ಇಳಿಸಿಕೊಳ್ಳಿ ಅಂತ ಮೇಡಂ ಫೋನಲ್ಲಿ ಹೇಳಿದ್ರು. ಚೆನ್ನಾಜಮ್ಮ ಮಗನಿಗೆ ಈ ಸಾಲು ಒತ್ತಿ ಇಳಿಸು ಅಂದು ಹಸುಗೆ ಹುಲ್ಲು ಹಾಕೋಕೆ ಹೋದ್ಲು. ಒತ್ತು ಅಂದ್ಲು, ಒತ್ತಿದ. ಯಾವ ಒಲೆ ಮುಂದೆ ಕೂತು ಒತ್ತಬೇಕು ಅಂತ ಅವಳು ಹೇಳಲಿಲ್ಲ, ಅವನು ನೋಡಲಿಲ್ಲ. ಮೂಲೇಲಿ 'ಹೊಳೆ' ಅಂತಿತ್ತು. ಹಾಲಿನ ಹೊಸ ಸಾಮಾನು ಹೋಗಿ ಹೊಳೆಯ ಹಳೇ ಸಾಮಾನನ್ನ ತಳ್ಳಿ ಅದರ ಜಾಗದಲ್ಲಿ ಕೂತುಬಿಡ್ತು.

ಸೋಮವಾರ ಸೋಮವಾರ ಸೈರನ್ ಒಂದು ಗಳಿಗೆ ಕೂಗಿಸಿ ನೋಡೋ ವಾಡಿಕೆ. ಆ ಸೋಮವಾರ ಓಡಿಸಿದ್ರೆ ಸೈರನ್ ತುಟಿ ಬಿಚ್ಚಲಿಲ್ಲ. ಚೆನ್ನಾಜಮ್ಮ ತಿರುಗಿ ಹೊಳೆ ಕಡೆ ನೋಡಿದ್ಲು. ನೀರು ಬಂದಿದ್ರೆ? ಕೆಳಕೇರಿ ಮಲಗಿದ್ದ ಹಾಗೇ ಹೋಗ್ತಿತ್ತಲ್ಲ. ಮೇಡಂ ಸರಿಮಾಡಿಕೊಟ್ಟ ಮೇಲೆ ಮಗನ್ನ ಎದುರಿಗೆ ಕೂರಿಸಿಕೊಂಡ್ಲು.

"ಜನವ ಕೊಂದುಬುಡ್ತಿದ್ದೆಯಲ್ಲೋ ನನ್ನಪ್ಪ. ಹಾಲಿಂದು ಹಾಲಿಗೆ, ಹೊಳೇದು ಹೊಳೆಗೆ. ಒಂದರದ್ದು ಒಂದಕ್ಕೆ ತಾಕಬಾರ್ದು. ತಿಳೀತಾ?"

"ತಿಳೀತು ಕನವ್ವ. ಹಾಲಿಂದು ಹಾಲಿಗೆ, ಹೊಳೇದು ಹೊಳೆಗೆ."

ತಿಳೀತು ಅಂದ್ನಲ್ಲ, ಅಲ್ಲಿಗೆ ಮುಗೀತು. ಮಾರನೇ ಬೆಳಿಗ್ಗೆ ಹಾಲಿನ ಕ್ಯಾನು ತೊಳೆದಿಡು ಅಂದ್ಲು. ನಲ್ಲೀಲಿ ಬರೋದು ಹೊಳೆ ನೀರು. ಹೊಳೇದು ಹಾಲಿಗೆ ತಾಕೋ ಹಾಗಿಲ್ಲ. ಕೆಂಡಗಣ್ಣ ಯೋಚನೆ ಮಾಡಿದ, ಮಾಡಿ, ಹಾಲಲ್ಲೇ ಕ್ಯಾನು ತೊಳೆದ. ಒಂದಲ್ಲ ಎರಡಲ್ಲ, ಅಷ್ಟನ್ನೂ ತೊಳೆದ. ಬೆಳಗಿನ ಹಾಲೆಲ್ಲ ಚರಂಡೀಲಿ ಹರೀತು. ಬೀದಿ ನಾಯಿಗಳಿಗೆ ಹಬ್ಬವೋ ಹಬ್ಬ. ಊರಿಗೆ ಊರೇ ಹೊಟ್ಟೆ ಹಿಡ್ಕೊಂಡು ನಗ್ತು. ಚೆನ್ನಾಜಮ್ಮಂಗೆ ನಗು ಬರಲಿಲ್ಲ. ನನ್ನ ಮಾತನ್ನ ಇವನು ಎಲ್ಲೆಲ್ಲಿಗೆ ಹೊತ್ಕೊಂಡು ಹೋಗ್ತಾನಲ್ಲ ಶಿವನೇ ಅಂತ ಒಳಗೊಳಗೇ ನಡುಗಿದ್ಲು.

ಮೇಡಂಗೆ ಫೋನು ಮಾಡಿ ಅತ್ತುಕೊಂಡ್ಲು. ಮೇಡಂ ಸಮಾಧಾನ ಮಾಡಿದ್ರು. ಇರೋ ಎರಡು ಒಲೇನ ಅವನು ಮುಟ್ಟೋದೇ ಬೇಡ, ಅನುಮಾನ ಬಂದ್ರೆ ಹೊಸದೊಂದು ಹೂಡಿ ಅದರಲ್ಲಿ ಮಾಡಿ ನೋಡಲಿ, ಕೆಟ್ಟರೆ ಅದಷ್ಟೇ ಕೆಡುತ್ತೆ ಅಂದ್ರು. ಒಳ್ಳೇ ಮಾತು. ಚೆನ್ನಾಜಮ್ಮ ಮಗನ್ನ ಬೈದು, ಬೈದು ಮುಗಿಸಿ, ಅದನ್ನೇ ಹೇಳಿದ್ಲು. ಅನುಮಾನ ಬಂದ್ರೆ ಹೊಸ ಒಲೆ ಹೂಡು.

ತಿಳೀತು ಕನವ್ವ ಅಂದ.

ಅವನಿಗೆ ಯಾವುದರಲ್ಲಿ ಅನುಮಾನ ಇಲ್ಲ ಹೇಳಿ? ಸಣ್ಣತಾಯಮ್ಮ ಅಂತ ಒಬ್ಬಳು ಮುದುಕಿ, ದಿನಾ ಹಸುವಿನ ಹಾಲು ತರೋಳು, ಒಂದು ದಿನ ಎಮ್ಮೆ ಹಾಲು ತಂದ್ಲು. ಅನುಮಾನ ಬಂತು, ಹೊಸ ಒಲೆ. ಕರು ಹಾಕಿದ ಹಸು, ಹೊಸ ಒಲೆ. ಹಾಲು ತಂದೋನು ಮನೆಯ ಅಳಿಯ, ಮಗನಲ್ಲ, ಹೊಸ ಒಲೆ. ಬೆಳಿಗ್ಗೆಗೊಂದು, ಸಂಜೆಗೊಂದು. ಕಂಪ್ಯೂಟರಿನ ಹೊಟ್ಟೆ ತುಂಬಾ ಒಲೇನೇ. ಅದಕ್ಕೆ ಉಸಿರಾಡೋಕೂ ಜಾಗ ಇಲ್ಲ.

ಚೈತ್ರದಲ್ಲಿ ಒಂದು ದಿನ ಅಕಾಲದ ಮೋಡ ಕಟ್ಟಿತು. ಮೋಡ ಕಂಡ ದಿನ ಹೊಳೆ ಪ್ರೋಗ್ರಾಮು ಓಡಿಸಿಡೋದು ಪದ್ಧತಿ. ಓಡಿಸಿದ್ರು. ಅದು ಸ್ವಲ್ಪ ಹೊತ್ತು ಓಡಿ, ನೀರಿನ ಅಳತೆ ಬರ್ಕೊಳ್ಳೋಕೆ ಜಾಗ ಸಾಲದೆ ನಿಂತುಹೋಯ್ತು. ಯಾರೂ ನೋಡಲಿಲ್ಲ. ನೀರು ಸದ್ದಿಲ್ಲದೆ ಏರಿ, ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಕಟ್ಟಿದ್ದ ಸಣ್ಣತಾಯಮ್ಮನ ಕರೂನ ಎಳ್ಕೊಂಡು ಹೋಯ್ತು. ಕರು ಒಂದು ಸಲ ಅಂಬಾ ಅಂತು, ಅಷ್ಟೇ. ಸೈರನ್ ಮೂಕವಾಗಿ ಕೂತಿತ್ತು. ಮುದುಕಿ ದಂಡೇಲಿ ಕೂತು ಎದೆ ಬಡ್ಕೊಂಡ್ಲು.

ಆ ಅಂಬಾ ಅನ್ನೋ ದನಿ ಚೆನ್ನಾಜಮ್ಮನ ಕಿವೀಲಿ ಉಳೀತು. ಅನ್ನ ಸೇರಲಿಲ್ಲ. ಮಗನ ಎರಡೂ ತೋಳು ಹಿಡಿದು ಅಲ್ಲಾಡಿಸಿದ್ಲು.

"ಇವತ್ತು ಕರು ಹೋಯ್ತು. ನಾಳೆ ಯಾರ ಮನೆ ಕೂಸು ಹೋಗ್ತದೋ? ಆ ಪಾಪ ನಿನ್ನ ತಲೆ ಮ್ಯಾಲೆ ಬರ್ತದಲ್ಲೋ. ಬೇಡದ್ದನ್ನೆಲ್ಲ ಅಳಿಸು. ಬೇಕಾದ್ದಷ್ಟೇ ಇರ್ಲಿ."

ಅಳಿಸಿದ. ಅನುಮಾನದ ಒಲೆಗಳನ್ನೆಲ್ಲ ಒಂದೂ ಬಿಡದೆ ಅಳಿಸಿದ. ಕಂಪ್ಯೂಟರು ಹಗುರಾಯ್ತು. ಪರವಾಗಿಲ್ಲ ನನ್ನ ಮಗ ಅಂತ ಅವಳೂ ಅಂದ್ಲು, ಬಾಯ್ತಪ್ಪಿ.

ವೈಶಾಖ ಬಂತು. ಬಿಸಿಲಿಗೆ ಹೊಳೆ ಬತ್ತಿ ಸೀರೆ ಸೆರಗಿನಷ್ಟು ಅಗಲಕ್ಕೆ ಬಂತು. ಮರಳಲ್ಲಿ ದನ ಮಲಗಿದ್ವು. ಕೆಂಡಗಣ್ಣ ಡೇರಿ ಬಾಗಿಲಿಂದ ನೋಡಿದ. ಹೊಳೆ ಎಲ್ಲಿದೆ? ಇಲ್ಲದ ಹೊಳೆಗೆ ಒಲೆ ಯಾಕೆ? ಬೇಡದ್ದನ್ನ ಅಳಿಸು ಅಂದಿದ್ದಾಳೆ ಅವ್ವ. ಹೊಳೆ ಒಲೇನೇ ಅಳಿಸಿಹಾಕಿದ.

ಚೆನ್ನಾಜಮ್ಮ ಬಂದು ನೋಡಿದ್ರೆ ಮೂಲೇಲಿ ಹೆಸರೇ ಇಲ್ಲ. ನಿಂತ ಕಾಲಲ್ಲೇ ಮೇಡಂಗೆ ಫೋನು ಮಾಡಿದ್ಲು. ಮೇಡಂ ಬಸ್ಸು ಹತ್ತಿ ಬಂದ್ರು. ಬರಹ ಉಳಿದಿದೆ, ಒಲೆ ಮಾತ್ರ ಹೋಗಿದೆ, ಒಲೇನ ಮತ್ತೆ ಹೂಡಬಹುದು ಅಂದು ಹೂಡಿಕೊಟ್ರು. ಆದ್ರೆ ಊರಿನ ಯಜಮಾನರು ಕೇಳೇಬಿಟ್ರು, ಇವನನ್ನ ಅಲ್ಲಿಂದ ಎಬ್ಬಿಸಬಾರದಾ ತಾಯಿ ಅಂತ. ಎಬ್ಬಿಸಿದ್ರೆ ಕೀಲಿ ಒತ್ತೋರು ಯಾರು? ಊರಲ್ಲಿ ಬೇರೆ ಯಾರೂ ದಿನಾ ಬಂದು ಕೂರೋಕೆ ಒಪ್ಪಲಿಲ್ಲ. ಮೇಲಾಗಿ ಹೆತ್ತೋರಿಗೆ ಹೆಗ್ಗಣ ಮುದ್ದು.

ಆದ್ರೆ ಆಕೆಯ ಹೊಟ್ಟೇಲಿ ಕೂತಿದ್ದ ಭಯವೇ ಬೇರೆ. ಇವನು ಪೆದ್ದ ಅನ್ನೋದಲ್ಲ. ಇಲ್ಲೀಗಂಟ ಇವನು ಮಾಡಿದ ಒಂದೊಂದು ಅನಾಹುತವೂ ತನ್ನ ಬಾಯಿಂದಲೇ ಹೊರಟದ್ದು. ಹಾಲು ಚೆಲ್ಲಿದ್ದು ತನ್ನ ಮಾತು. ಕರು ಹೋದದ್ದು ತನ್ನ ಮಾತು. ಒಲೆ ಆರಿದ್ದು ತನ್ನ ಮಾತು. ಇನ್ನು ಮುಂದೆ ಬಾಯಿ ತೆರೆಯೋಕೂ ಹೆದರಿಕೆ, ತೆರೆಯದೆ ಇರೋಕೂ ಹೆದರಿಕೆ. ಬಿಸಿ ತುಪ್ಪ, ನುಂಗೋಕಾಗಲ್ಲ, ಉಗುಳೋಕಾಗಲ್ಲ.

ಕೊನೆಗೆ ಅಳೆದೂ ಸುರಿದೂ ಒಂದೇ ಮಾತು ಹೇಳಿದ್ಲು. ಏನನ್ನೂ ತೆಗೀಬೇಡ, ಏನನ್ನೂ ಹಾಕಬೇಡ, ಎಲ್ಲಾ ಇದ್ದದ್ದು ಇದ್ದ ಹಾಗೇ ಬಿಡು. ಇದರಲ್ಲಿ ಏನು ತಪ್ಪು ಮಾಡಿಯಾನು ಅಂತ ಅವಳ ಲೆಕ್ಕ.

ಸೋಮವಾರ ಬಂತು. ಸೈರನ್ ಕೂಗಿಸಿ ನೋಡು ಅಂದು ಅವಳು ಹಿತ್ತಲಿಗೆ ಹೋದ್ಲು. ಕೂಗಿಸಿದ. ಚೆನ್ನಾಗಿ ಕೂಗ್ತು. ಇದ್ದದ್ದು ಇದ್ದ ಹಾಗೇ ಬಿಡಬೇಕಲ್ಲ, ಕೂಗ್ತಿದ್ದದ್ದನ್ನ ಕೂಗ್ತಿದ್ದ ಹಾಗೇ ಬಿಟ್ಟು ಮನೆಗೆ ಹೋಗಿ ಮುದ್ದೆ ಉಣ್ಣೋಕೆ ಕೂತ. ಒಂದು ಗಳಿಗೆ ಅಂತ ಕೇಳಿದ ಜನ, ಅದು ನಿಲ್ಲದೆ ಹೋದಾಗ, ನೀರು ಬಂತು ಅಂತ ಬಿದ್ದಂಬೀಳ ದಿಣ್ಣೆಗೆ ಓಡಿದ್ರು. ಚೆನ್ನಾಜಮ್ಮ ಮಗನ್ನ ಎಳೆದು ತಂದು ಅದನ್ನ ನಿಲ್ಲಿಸೋ ಅಷ್ಟರಲ್ಲಿ ಒಬ್ಬ ಅಜ್ಜ ಕಾಲುವೆಗೆ ಬಿದ್ದು ಕಾಲು ಮುರ್ಕೊಂಡ. ತುಂಬಿದ ಬಸುರಿ ಒಬ್ಬಳು ಓಡಿ ಓಡಿ ಸ್ಕೂಲಿನ ಮೆಟ್ಟಿಲ ಮೇಲೆ ಕುಸಿದ್ಲು.

ಯಜಮಾನರಿಗೆ ಸಿಟ್ಟು ಬಂತು. ಹೀಗಾದ್ರೆ ನಾಳೆ ನಿಜವಾದ ಕೂಗು ಯಾವುದು, ಸುಳ್ಳು ಯಾವುದು? ಆವತ್ತೇ ತಮಟೆ ಹೊಡೆಸಿದ್ರು. ಸೋಮವಾರದ ಕೂಗು ಇನ್ನು ಇಲ್ಲ. ಇನ್ಮೇಲೆ ಸೈರನ್ ಕೂಗಿದ್ರೆ ಎಲ್ಲಾರೂ ದಿಣ್ಣೆ ಮೇಲಿನ ಸ್ಕೂಲಿಗೆ ಹತ್ತಬೇಕು. ಕೂಗು ನಿಂತ್ರೆ ಗಂಡಾಂತರ ಕಳೀತು ಅಂತ ಇಳೀಬೇಕು. ಕೂಗು ನಿಲ್ಲೋಗಂಟ ಒಬ್ಬರೂ ಇಳಿಯೋ ಹಾಗಿಲ್ಲ.

ಚೆನ್ನಾಜಮ್ಮ ಮಗನ ಮುಂದೆ ಕೈಮುಗಿದ್ಲು. ಹೆತ್ತ ತಾಯಿ ಮಗನಿಗೆ ಕೈಮುಗಿಯೋದು ಅಂದ್ರೆ ನೋಡಿ.

"ಓಡ್ತಿರೋದನ್ನ ಬುಟ್ಟು ಮಾತ್ರ ಏಳ್ಬೇಡ ಕಲಾ. ಏನು ಓಡಿಸಿದ್ರೂ ಮೊದಲು ನಿಲ್ಸು, ಆಮ್ಯಾಕೆ ಏಳು."

"ನಿಲ್ಸಿ ಏಳ್ತೀನಿ ಕನವ್ವ. ನೀನು ಕೈಮುಗೀಬೇಡ."

ಆಷಾಢ ಬಂತು. ಮೇಲಿನ ಸೀಮೇಲಿ ಮೋಡ ಒಡೀತು ಅಂತ ಸುದ್ದಿ ಬರೋ ಹೊತ್ತಿಗೆ ಮಧ್ಯಾಹ್ನ. ಚೆನ್ನಾಜಮ್ಮ ಓಡಿಬಂದು ಮಗನ ಪಕ್ಕ ನಿಂತ್ಲು. ಮೂಲೆ ನೋಡು ಅಂದ್ಲು. ನೋಡಿದ, 'ಹೊಳೆ' ಅಂತಿತ್ತು. ಓಡಿಸು ಅಂದ್ಲು. ಓಡಿಸಿದ. ಆ ಮಳೆಗಾಲದ ಮೊದಲ ನೀರು. ಅಂಕಿ ಏರ್ತಾ ಹೋಯ್ತು, ಕೆಂಪು ಗೆರೆ ದಾಟ್ತು, ಸೈರನ್ ಬಾಯಿ ಬಿಡ್ತು. ಎಲ್ಲಾ ಸರಿಯಾಗಿ ನಡೀತು. ಒಂದು ತಪ್ಪಿಲ್ಲ. ಅಷ್ಟು ಸರಿಯಾಗಿ ನಡೆದದ್ದಕ್ಕೇ ಆಕೆಗೆ ಇನ್ನೂ ಭಯ ಆಯ್ತು.

ಕರೆಂಟು ಹೋಗಿ ಬಂದ್ರೆ ಮತ್ತೆ ಓಡಿಸೋಕೆ ಒಬ್ಬರು ಕೂತಿರಬೇಕು. ಮಗನ್ನ ಕೂರಿಸಿ, ಅವಳು ಮನೆ ಮನೆ ಬಾಗಿಲು ಬಡಿದ್ಲು. ಹಾಸಿಗೆ ಹಿಡಿದೋರನ್ನ ಎಬ್ಬಿಸಿದ್ಲು, ಮಕ್ಕಳನ್ನ ಸೊಂಟಕ್ಕೆ ಹಾಕ್ಕೊಂಡ್ಲು. ಜನ ದಿಣ್ಣೆ ದಾರೀಲಿ ಸಾಲುಗಟ್ಟಿ ಹತ್ತುತ್ತಿದ್ರು. ಎತ್ಕೊಂಡು ಬಂದ ಮಕ್ಕಳನ್ನ ಸ್ಕೂಲಿನ ಜಗಲಿ ಮೇಲೆ ಇಳಿಸಿ ಹಿಂದಕ್ಕೆ ತಿರುಗಿ ನೋಡ್ತಾಳೆ, ಕೆಂಪು ನೀರು ಡೇರಿ ಮೆಟ್ಟಿಲು ನೆಕ್ತಾ ಇದೆ. ಒಳಗೆ ಅವನು. ಏಳು ಅನ್ನದೆ ಏಳೋನಲ್ಲ. ಮೂಗಿಗೆ ನೀರು ಬಂದ್ರೂ ಏಳೋನಲ್ಲ.

ಹೊಳೆಗೆ ಗಂಡನ್ನ ಕೊಟ್ಟೋಳು ಅವಳು. ಇನ್ನೇನನ್ನೂ ಯೋಚಿಸಲಿಲ್ಲ. ಫೋನು ಕಿವಿಗಿಟ್ಟು, ಸಾಕು ಮಗ, ಎದ್ದು ಬಂದ್ಬುಡು ಅಂದ್ಲು.

ಸೈರನ್ ನಿಂತಿತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ಕೂಗು ನಿಂತ ಕ್ಷಣಕ್ಕೇ ತಾನೇನು ಮಾಡಿದೆ ಅಂತ ಅವಳಿಗೆ ಗೊತ್ತಾಯ್ತು. ಅರ್ಧ ದಾರೀಲಿದ್ದ ಜನ ಗಕ್ಕನೆ ನಿಂತ್ರು. ಕಿವಿಗೊಟ್ಟು ಕೇಳಿದ್ರು. ಕೂಗು ನಿಂತಿತು, ನೀರು ಇಳೀತು ಅಂತ ಯಾರೋ ಅಂದ್ರು. ತಿರುವಿನಿಂದ ಕೆಳಗೆ ಹೊಳೆ ಕಾಣೋದಿಲ್ಲ. ಒಬ್ಬಳಿಗೆ ಮಂಕರಿ ಕೆಳಗಿನ ಕೋಳಿ ನೆನಪಾಯ್ತು, ಒಬ್ಬನಿಗೆ ಕಟ್ಟಿಹಾಕಿದ ನಾಯಿ. ಕರು ಕಳ್ಕೊಂಡಿದ್ದ ಸಣ್ಣತಾಯಮ್ಮ, ಉಳಿದ ಹಸುವಿನ ಹಗ್ಗ ಹಿಡಿದು, ಎಲ್ಲರಿಗಿಂತ ಮುಂದೆ ಕೆಳಕ್ಕೆ ತಿರುಗಿದ್ಲು.

ಬೇಡಿ, ಇಳೀಬೇಡಿ ಅಂತ ಚೆನ್ನಾಜಮ್ಮ ಕಿರುಚಿದ್ಲು. ಮಳೆಗಾಳಿ ಆ ದನೀನ ಅತ್ತ ಹಾರಿಸ್ಕೊಂಡು ಹೋಯ್ತು. ಗಂಟಲು ಹರಿಯೋ ಹಾಗೆ ಕಿರುಚಿದ್ಲು, ಒಬ್ಬರೂ ತಿರುಗಲಿಲ್ಲ. ಅಷ್ಟರಲ್ಲಿ ಅಡ್ಡದಾರೀಲಿ ಕೆಂಡಗಣ್ಣ ಹತ್ತಿಬಂದ. ತೊಡೆಗಂಟ ಒದ್ದೆ, ಮುಖದಲ್ಲಿ ಸಂತೋಷ.

"ನಿಲ್ಸೇ ಎದ್ದೆ ಕನವ್ವ. ಓಡ್ತಿರೋದನ್ನ ಬುಟ್ಟು ಏಳ್ಲಿಲ್ಲ."

ಅವನ ಹಿಂದೆ ಡೇರಿ ಕಂಬದ ತಂತಿ ಚಟಪಟ ಅಂದು ಸುಮ್ಮನಾಯ್ತು. ಇನ್ನು ಸೈರನ್ ಇಲ್ಲ, ಪ್ರೋಗ್ರಾಮಿಲ್ಲ, ಒಲೆ ಇಲ್ಲ. ಬೈಯೋಕೆ ಹೊತ್ತೂ ಇಲ್ಲ. ಚೆನ್ನಾಜಮ್ಮ ಸ್ಕೂಲಿನ ಪಕ್ಕದ ನೀರಿನ ಟ್ಯಾಂಕು ತೋರಿಸಿದ್ಲು. ಗಂಟಲಲ್ಲಿ ಉಳಿದಿದ್ದ ಅಷ್ಟೂ ದನೀನ ಸೇರಿಸಿ ಹೇಳಿದ್ಲು.

"ಅದ್ರ ಮ್ಯಾಲೆ ಹತ್ತು. ಸೈರನ್ ಕೂಗ್ದಂಗೇ ಕೂಗು. ನಾನು ನಿಲ್ಸು ಅನ್ನೋಗಂಟ ನಿಲ್ಲಿಸ್ಬೇಡ."

ಹತ್ತಿದ. ಕೂಗಿದ. ಅಬ್ಬಬ್ಬಾ ಅಂತೀನಿ, ಅವನೊಳಗೆ ಅಂಥ ದನಿ ಇದೆ ಅಂತ ಹೆತ್ತೋಳಿಗೂ ಗೊತ್ತಿರಲಿಲ್ಲ. ಸೈರನ್ ಹೇಗೆ ಕೆಳಗಿಂದ ಶುರುವಾಗಿ, ಏರಿ ಏರಿ, ಮೇಲೆ ನಿಂತು, ಜಾರಿ ಇಳೀತಿತ್ತೋ, ಹಾಗೇ. ಎಳ್ಳಿನಷ್ಟು ಹೆಚ್ಚಿಲ್ಲ, ಎಳ್ಳಿನಷ್ಟು ಕಮ್ಮಿ ಇಲ್ಲ. ಇಳೀತಿದ್ದ ಜನ ಬೆಚ್ಚಿ ನಿಂತ್ರು, ತಿರುಗಿದ್ರು, ಈ ಸಲ ಓಡೇ ಓಡಿದ್ರು. ಸಣ್ಣತಾಯಮ್ಮ ಕಟ್ಟಕಡೆಗೆ ಬಂದ್ಲು. ಅವಳು ಹಸುವನ್ನ ಎಳೀತಿದ್ಲೋ, ಹಸು ಅವಳನ್ನ ಎಳೀತಿತ್ತೋ. ಅವಳ ಹಿಂದೆಯೇ ನೀರು ತಿರುವು ಹತ್ತಿತ್ತು.

ಯಜಮಾನರು ಮನೆ ಮನೆ ಹೆಸರು ಹಿಡಿದು ಕೂಗಿದ್ರು. ಎಲ್ಲಾ ಮನೆಯೋರೂ ಓ ಅಂದ್ರು. ಕೆಳಕೇರಿ ಗೋಡೆಗಳು ಒಂದೊಂದೇ ಕುಸಿದ್ವು, ಜನ ಮಾತ್ರ ಒಬ್ಬರೂ ಹೋಗಲಿಲ್ಲ. ಚೆನ್ನಾಜಮ್ಮ ಅಂಗಳದಲ್ಲಿ ಕುಕ್ಕರಿಸಿ ಅತ್ಲು. ಅಳು ಬಂತು, ದನಿ ಬರಲಿಲ್ಲ.

ಬಂದ ನೀರು ಬಂದ ಹಾಗೇ ಇಳೀತು. ಸಂಜೆ ದನ ಕರೆಯೋ ಹೊತ್ತಿಗೆ ಹೊಳೆ ದಂಡೆಯೊಳಗೆ ಹೋಗಿತ್ತು. ಹಸುಗಳು ಕೆಚ್ಚಲು ಬಿಗಿದು ಅರಚ್ತಿದ್ವು, ಮಕ್ಕಳು ಹಸಿವು ಅಂತ ಅಳ್ತಿದ್ವು. ಇಳಿಯೋಣ ಅಂತ ಜನ ಎದ್ರು. ಯಜಮಾನರು ಅಡ್ಡ ನಿಂತ್ರು. ತಮಟೆ ಹೊಡೆಸಿದ ಮಾತು ಒಂದೇ ಮಾತು, ಕೂಗು ನಿಲ್ಲೋಗಂಟ ಇಳಿಯೋ ಹಾಗಿಲ್ಲ. ಟ್ಯಾಂಕಿನ ಮೇಲೆ ಕೆಂಡಗಣ್ಣ ಕೂಗ್ತಾನೇ ಇದ್ದ.

ನಿಲ್ಸೋ ಅಂತ ಊರೆಲ್ಲ ಕೆಳಗಿಂದ ಹೇಳ್ತು. ಅವನು ಊರ ಕಡೆ ನೋಡಲಿಲ್ಲ. ಚೆನ್ನಾಜಮ್ಮ ಏದುಸಿರು ಬಿಡ್ತಾ ಏಣಿ ಹತ್ತಿದ್ಲು. ಬಾಯಿ ತೆರೆದ್ರೆ ಬರೀ ಗಾಳಿ. ಕೈ ಆಡಿಸಿದ್ಲು, ಅವನು ಅವಳ ಬಾಯನ್ನೇ ನೋಡ್ತಾ ಕೂಗಿದ. ಅವನ ಬಾಯಿಗೆ ಕೈ ಅಡ್ಡ ಇಟ್ಲು. ಅವ್ವನ ಕೈ ಜಾರಿತೇನೋ ಅಂದ್ಕೊಂಡು ಮೆಲ್ಲಗೆ ತೆಗೆದಿಟ್ಟು, ಬಿಟ್ಟಲ್ಲಿಂದ ಹಿಡಿದು ಮತ್ತೆ ಕೂಗಿದ.

ಕೆಳಗೆ ಊರಿಗೆ ಊರೇ ಗಂಟುಮೂಟೆ ತಲೆ ಮೇಲಿಟ್ಕೊಂಡು ಕತ್ತೆತ್ತಿ ನಿಂತಿತ್ತು. ಸಣ್ಣತಾಯಮ್ಮ ಸ್ಕೂಲಿನ ಒಲೇಲಿ ಮೆಣಸು ಶುಂಠಿ ಕುದಿಸಿ ಬೆಲ್ಲ ಹಾಕಿ ಲೋಟ ಮೇಲಕ್ಕೆ ಕಳಿಸಿದ್ಲು. 'ಕುಡಿ ತಾಯಿ, ಒಂದೇ ಒಂದು ಮಾತು ಬಂದ್ರೆ ಸಾಕು' ಅಂತ ಯಜಮಾನರು ಕೈಮುಗಿದ್ರು. ಚೆನ್ನಾಜಮ್ಮ ಕಷಾಯ ಗುಟುಕರಿಸಿದ್ಲು, ಕೆಮ್ಮಿದ್ಲು, ಇನ್ನೊಂದು ಗುಟುಕು ಕುಡಿದ್ಲು. ಮಗನ ಕಡೆ ನೋಡಿದ್ಲು. ಕೂಗಿ ಕೂಗಿ ಅವನ ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ಇಳೀತಿತ್ತು. ಊರೆಲ್ಲ ಉಸಿರು ಬಿಗಿಹಿಡೀತು. ಗಂಟಲಲ್ಲಿ ಏನೋ ಕಿರ್ ಅಂತು, ದನಿ ಬಂತು.

ಬಂತು, ಆದ್ರೆ ಬಂದದ್ದು ನಿಲ್ಸು ಅಂತಲ್ಲ. ನನ್ ಕಂದ ಅಂತ ಬಂತು. ಬಂದ ದನಿ ಅಷ್ಟಕ್ಕೇ ಮತ್ತೆ ಹೋಯ್ತು.

ಕೆಂಡಗಣ್ಣ ಕೇಳಿಸ್ಕೊಂಡ, ತಲೆಯಾಡಿಸಿದ, ಒಂದು ಸಲ ಮೂಗೊರೆಸ್ಕೊಂಡು ಮತ್ತೆ ಕೂಗಿದ.